ಸೆರಗಿನ ತೆನೆ

ಧಾರವಾಡ, 17 ಜೂನ್ 2025, ಮಂಗಳವಾರ
ರಾತ್ರಿ ಹನ್ನೊಂದೂವರೆ

ಪುಟ್ಟಿಗೆ ಈಗಷ್ಟೇ ನಿದ್ದೆ ಹತ್ತಿತು. ಬೆಳಕು ಬಾರದಿರಲೆಂದು ಬಾಗಿಲ ಸಂದಿಗೆ ಒತ್ತಿದ ಟವೆಲ್ಲನ್ನು ಇನ್ನೂ ತೆಗೆದಿಲ್ಲ.

ಸಂಜೆ ಓದುತ್ತ ಕುಳಿತಿದ್ದವಳು "ಅಮ್ಮಾ, ಸಾಲಿನ ನಡುವೆ ಅಕ್ಷರ ಅಳಿಸಿಹೋಗಿವೆ" ಎಂದಳು. ಒಗ್ಗರಣೆಯ ಗಡಿಬಿಡಿಯಲ್ಲಿದ್ದ ನಾನು ಪುಸ್ತಕ ಹಳೆಯದಿರಬೇಕು ಎಂದೆ. "ಪುಸ್ತಕದಲ್ಲಿ ಸರಿಯಾಗಿಯೇ ಇವೆ, ನನ್ನ ಕಣ್ಣಲ್ಲಿ ಇಲ್ಲ" ಎಂದಳು. ಒಲೆ ಆರಿಸಿದೆ. ನನಗೆ ಮೈಗ್ರೇನ್, ಅಂದರೆ ಅರೆತಲೆನೋವು, ಮೊದಲ ಸಲ ಬಂದಾಗ ಹದಿನಾಲ್ಕು ವರ್ಷ. ಇವಳಿಗಿನ್ನೂ ಹನ್ನೆರಡು ತುಂಬಿಲ್ಲ.

ಕೈಕಾಲು ಆಡಿಸಿ ನೋಡಿದೆ, ಮಾತಾಡಿಸಿದೆ, ಎಲ್ಲ ಸರಿಯಿತ್ತು. ಕಂಡದ್ದನ್ನು ಬರೆದು ತೋರಿಸು ಎಂದೆ. ಗಡಿಯಾರ ಆರು ನಲವತ್ತು ತೋರಿಸುತ್ತಿತ್ತು. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಮೊದಲು ಒಂದು ಸಣ್ಣ ಹಲ್ಲುಹಲ್ಲಾದ ಗೆರೆ. ಐದು ನಿಮಿಷ ಬಿಟ್ಟು ಅದಕ್ಕಿಂತ ದೊಡ್ಡದು, ಅರ್ಧಚಂದ್ರದಂತೆ ಬಾಗಿದ್ದು. "ಅಜ್ಜಿಯ ಇಳಕಲ್ಲು ಸೀರೆಯ ಸೆರಗು ಇದ್ದ ಹಾಗಿದೆ, ಆದರೆ ಮಿಣುಕುತ್ತಿದೆ" ಎಂದಳು. ಮೈ ಜುಮ್ಮೆಂದಿತು. ಆ ಸೆರಗಿನ ಚೂಪು ವಿನ್ಯಾಸಕ್ಕೆ ನಮ್ಮವರು ಕರೆಯುವುದು ತೆನಿ ಎಂದೇ. ಕೋಟೆಯ ಮೇಲಿನ ಹಲ್ಲುಸಾಲೂ ತೆನೆಯೇ. ವೈದ್ಯರು ಈ ಮಿಣುಕು ಗೆರೆಗೆ ಇಟ್ಟಿರುವ ಹೆಸರೂ ಕೋಟೆಗೋಡೆಯದು. ಏಳು ಗಂಟೆ ಎರಡು ನಿಮಿಷಕ್ಕೆ ಗೆರೆ ನೋಟದ ಅಂಚು ದಾಟಿ ಮರೆಯಾಯಿತು. ಆಮೇಲೆ ಎಡಗಡೆಯ ನೋವು, ವಾಂತಿ, ಕತ್ತಲೆ ಕೋಣೆ.

ಕತ್ತಲಲ್ಲಿ ಕೇಳಿದಳು: "ನನ್ನ ಮೆದುಳಿಗೆ ಏನಾಗಿದೆ?"

ಅಲೆ ಬಂದಿತ್ತು ಎಂದೆ. ತಲೆಯ ಹಿಂಬದಿಯಲ್ಲಿ, ನೋಟವನ್ನು ನೋಡಿಕೊಳ್ಳುವ ಜಾಗದಲ್ಲಿ, ನರಕೋಶಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ, ಮರುಕ್ಷಣ ಸುಸ್ತಾಗಿ ಮೌನವಾಗುತ್ತವೆ. ಪಕ್ಕದವು ಹೊತ್ತಿಕೊಳ್ಳುತ್ತವೆ, ಅವೂ ಮೌನವಾಗುತ್ತವೆ. ನಿನಗೆ ಮಿಣುಕಿ ಕಂಡದ್ದು ಅಲೆಯ ಮುಂಚೂಣಿ. ಅಕ್ಷರ ನುಂಗಿದ್ದು ಅದರ ಹಿಂದೆ ಉಳಿದ ಮೌನ. "ಆ ಕೋಶಗಳು ಮತ್ತೆ ಎದ್ದವೇ?" ಎಂದು ಕೇಳಿದಳು. ಎದ್ದವು ಕಂದಾ, ಅದಕ್ಕೇ ನಿನಗೆ ಮತ್ತೆ ಅಕ್ಷರ ಕಂಡವು.

1941ರಲ್ಲಿ ಲ್ಯಾಶ್ಲೀ ಎಂಬ ಅಮೆರಿಕದ ವಿಜ್ಞಾನಿ ತನಗೆ ಬಂದ ಇಂಥದೇ ಗೆರೆಗಳನ್ನು ಗಡಿಯಾರ ನೋಡಿಕೊಂಡು ಬಿಡಿಸಿಟ್ಟು, ಮೆದುಳಿನ ಮೇಲೆ ಏನೋ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿರಬೇಕು ಎಂದು ಲೆಕ್ಕ ಹಾಕಿದ್ದ. 1944ರಲ್ಲಿ ಬ್ರೆಜಿಲ್‌ನ ಲಿಯಾವೊ ಎಂಬ ಸಂಶೋಧಕ, ಹಾರ್ವರ್ಡ್‌ನಲ್ಲಿ ಮೂರ್ಛೆರೋಗದ ಬೆನ್ನು ಹತ್ತಿದ್ದಾಗ, ಮೊಲದ ಮೆದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದ ಅಲೆಯನ್ನು ಕಂಡ. ಪುಟ್ಟಿಯ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ಈಗ ನನ್ನ ಮುಂದಿದೆ. ಮೂರು ಸಣ್ಣ ಗೆರೆಗೆ ಒಂದು ನಿಮಿಷ. ಇಪ್ಪತ್ತೆರಡು ನಿಮಿಷಕ್ಕೆ ಆರೂವರೆ ಸೆಂಟಿಮೀಟರ್ ದಾಟುತ್ತದೆ. ನನ್ನ ಮಗುವಿನ ತಲೆಯೊಳಗೆ ಇಷ್ಟು ದೂರ.

ನೋವು ಮೆದುಳಿನದೇ ಎಂದೂ ಕೇಳಿದಳು. ಮೆದುಳನ್ನು ಮುಟ್ಟಿದರೆ ಅದಕ್ಕೆ ನೋವಾಗದು, ನೋವು ಗೊತ್ತಾಗುವುದು ಅದನ್ನು ಹೊದ್ದ ಪೊರೆಗೆ ಮತ್ತು ಅಲ್ಲಿನ ರಕ್ತನಾಳಗಳಿಗೆ. ಮುಖಕ್ಕೆ ಮೂರು ಕವಲಾಗಿ ಹರಡುವ ಟ್ರೈಜೆಮಿನಲ್ ನರದ ಎಳೆಗಳು ಆ ಪೊರೆಯಲ್ಲೂ ಇವೆ. ಅವು ಕೆರಳಿದಾಗ ತುದಿಯಿಂದ ಸಿಜಿಆರ್‌ಪಿ ಎಂಬ ವಸ್ತು ಸುರಿಯುತ್ತದೆ, ರಕ್ತನಾಳ ಹಿಗ್ಗುತ್ತದೆ, ನೋವು ಮಿಡಿಯತೊಡಗುತ್ತದೆ. 1990ರಲ್ಲಿ ಗೋಡ್ಸ್‌ಬಿ ಮತ್ತು ಎಡ್ವಿನ್‌ಸನ್ ಎಂಬ ಸಂಶೋಧಕರು ಮೈಗ್ರೇನ್ ಬಂದವರ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಅದರಲ್ಲಿ ಈ ವಸ್ತು ಏರಿರುವುದನ್ನು ತೋರಿಸಿದರು. ಅದನ್ನೇ ತಡೆಯುವ ಚುಚ್ಚುಮದ್ದು 2018ರಿಂದ ಬಂದಿದೆ. ಇಷ್ಟೆಲ್ಲ ಹೇಳುವಷ್ಟರಲ್ಲಿ ಅವಳು ನನ್ನ ಕೈಯನ್ನು ತನ್ನ ಹಣೆಯ ಮೇಲೆ ಒತ್ತಿ ಹಿಡಿದಿದ್ದಳು. ಸುಮ್ಮನಾದೆ.

ಬೆಳಿಗ್ಗೆಯಿಂದ ಆಕಳಿಸುತ್ತಿದ್ದಳು. ರಾತ್ರಿ ಮೊಬೈಲ್ ನೋಡಿರಬೇಕೆಂದು ಗದರಿದ್ದೆ. ಜರ್ಮನಿಯಲ್ಲಿ ಒಬ್ಬ ರೋಗಿಯ ಮೆದುಳನ್ನು ಮೂವತ್ತು ದಿನ ದಿನವೂ ಸ್ಕ್ಯಾನ್ ಮಾಡಿ, ನೋವು ಬರುವ ಹಿಂದಿನ ದಿನವೇ ಹೈಪೋಥಲಾಮಸ್‌ನ ನಡವಳಿಕೆ ಬದಲಾಗುವುದನ್ನು 2016ರಲ್ಲಿ ಪ್ರಕಟಿಸಿದ್ದರು. ನಿದ್ದೆ, ಹಸಿವುಗಳನ್ನು ನೋಡಿಕೊಳ್ಳುವ ಭಾಗ ಅದು. ಆಕಳಿಕೆ, ಸಿಹಿಯ ಆಸೆ, ಕುತ್ತಿಗೆ ಬಿಗಿತ ಎಲ್ಲ ಮುನ್ಸೂಚನೆ. ಓದಿ ಗೊತ್ತಿದ್ದವಳೇ ಗದರಿದೆನಲ್ಲ.

ಅವ್ವನಿಗೆ ಇದನ್ನೆಲ್ಲ ಯಾರು ಹೇಳಿದ್ದರು? ತಲೆಗೆ ಎರೆದುಕೊಂಡ ದಿನ ಅವಳು ಶುಂಠಿ ಪಟ್ಟು ಹಾಕಿ, ಹಣೆಗೆ ಬಟ್ಟೆ ಬಿಗಿದು, ಕಣ್ಣು ಮುಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಮನೆಯವರು ಪಿತ್ತ ಎಂದರು, ಹಟ ಎಂದರು, ಕೆಲಸ ತಪ್ಪಿಸಲು ಎಂದೂ ಅಂದರು. ತಲೆಸ್ನಾನದಿಂದ ಮೈಗ್ರೇನ್ ಏಳುವುದನ್ನು ಮುಂಬೈನ ವೈದ್ಯ ಕೆ. ರವಿಶಂಕರ್ 94 ರೋಗಿಗಳಲ್ಲಿ ಗುರುತಿಸಿ 2006ರಲ್ಲಿ ಬರೆದರು. ಅಷ್ಟರಲ್ಲಿ ಅವ್ವ ಉದ್ದ ಕೂದಲನ್ನೇ ಕತ್ತರಿಸಿಕೊಂಡಾಗಿತ್ತು. ಅವಳನ್ನು ಹಾಗೆ ಅಂದವರ ಮೇಲೆ ಇಂದಿಗೂ ನನಗೆ ಸಿಟ್ಟಿದೆ.

ನಾಳೆ ವೈದ್ಯರಿಗೆ ತೋರಿಸಬೇಕು, ನೋಟ್‌ಬುಕ್ ಒಯ್ಯಬೇಕು. ಅದಕ್ಕೂ ಮೊದಲು ಅವ್ವನಿಗೆ ಫೋನ್. ಮೊಮ್ಮಗಳಿಗೂ ಬಂತು ಎಂದರೆ ತನ್ನಿಂದಲೇ ಬಂತೆಂದು ಅಳುತ್ತಾಳೆ, ಗೊತ್ತು. ಆದರೂ ಒಂದು ಮಾತು ಕೇಳಬೇಕು. ಆ ರೊಟ್ಟಿಯ ದಿನಗಳಲ್ಲಿ ಅವಳ ಕಣ್ಣೆದುರೂ ತೆನೆ ಮಿಣುಕುತ್ತಿತ್ತೇ? ಇಷ್ಟು ವರ್ಷ ನಾನು ಕೇಳಿಯೇ ಇಲ್ಲ.