ಬಂಡೀಪುರದಲ್ಲಿ ಲಂಟಾನ ಕೀಳಲು ಹೋಗುವವರಿಗೆ

ಹೊರಗಿನಿಂದ ಬಂದು ಕಾಡನ್ನು ಆವರಿಸಿರುವ ಮುಳ್ಳುಪೊದೆ ಲಂಟಾನ; ಅದನ್ನು ಕೀಳುವ ಕೆಲಸಕ್ಕೆ ಮಚ್ಚೊಂದಿದ್ದರೆ ಸಾಕು ಎಂದುಕೊಂಡು ಹೊರಡಬೇಡಿ. ಪೊದೆಯನ್ನು ನೆಲದ ಮೇಲಷ್ಟೇ ಸವರಿದರೆ ಮುಂದಿನ ಮಳೆಗೆ ಅದೇ ಬುಡದಿಂದ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಇಲ್ಲಿ ಕೆಲಸ ಮಾಡುವುದು ಗುದ್ದಲಿ.

ಅನುಮತಿ ಮೊದಲು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ತಂಡದವರ ಹೆಸರು, ಗುರುತಿನ ಚೀಟಿಯ ಪ್ರತಿಯೊಂದಿಗೆ ಕ್ಷೇತ್ರ ನಿರ್ದೇಶಕರ ಕಚೇರಿಗೆ ಮುಂಚಿತವಾಗಿ ಬರೆದು, ಆಮೇಲೆ ವಲಯ ಅರಣ್ಯಾಧಿಕಾರಿಗಳ ಜೊತೆ ಜಾಗ ಗೊತ್ತುಮಾಡಿಕೊಳ್ಳಿ. ಮೈಸೂರಿನಿಂದ ಗುಂಡ್ಲುಪೇಟೆ ಸುಮಾರು 60 ಕಿ.ಮೀ.; ಊಟಿ ಬಸ್ಸುಗಳು ಬಂಡೀಪುರದ ಮೇಲೇ ಹೋಗುತ್ತವೆ. ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, ವಾಪಸಾತಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಹೋಗುವುದು ಒಳ್ಳೆಯದು. ಫೆಬ್ರವರಿ ಬಂದರೆ ಸಿಬ್ಬಂದಿಗೆ ಕಾಡ್ಗಿಚ್ಚು ಬೀಳದಂತೆ ಕಾಯುವುದೇ ಕೆಲಸವಾಗಿರುತ್ತದೆ.

ಪೊದೆಗೆ ಇಬ್ಬರು ಬೇಕು. ಒಬ್ಬರು ಚರ್ಮದ ಕೈಗವಸು ಹಾಕಿ ಕೊಂಬೆಗಳನ್ನು ಒಟ್ಟುಹಿಡಿದು ಬಾಗಿಸಿದರೆ, ಇನ್ನೊಬ್ಬರು ನೆಲದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರಿಗೆ ಗುದ್ದಲಿ ಹಾಕಬೇಕು. ಕಾಂಡ ಮುಗಿದು ಬೇರು ಶುರುವಾಗುವ ಗಂಟಿನಿಂದಲೇ ಗಿಡ ಮರುಚಿಗುರುವುದು. ಗಂಟು ಮೇಲೆ ಬಂದರೆ ಕೆಳಗುಳಿದ ಬೇರು ಸಾಯುತ್ತದೆ. ಇಡೀ ಬೇರು ತೆಗೆಯುವ ಹುಮ್ಮಸ್ಸಿನಲ್ಲಿ ಗುಂಡಿ ತೋಡಬೇಡಿ. ಮಣ್ಣು ಕದಡಿದಷ್ಟೂ ಒಳಗೆ ಮಲಗಿದ ಬೀಜಗಳು ಏಳುತ್ತವೆ. ಕಿತ್ತ ಪೊದೆಯನ್ನು ಬೇರು ಮೇಲಾಗಿ ತಲೆಕೆಳಗೆ ನಿಲ್ಲಿಸಿ, ಬೇರಿಗೆ ಬಿಸಿಲು ತಾಗಲಿ. ಮಣ್ಣಿಗೆ ತಾಗಿ ಬಿದ್ದಿದ್ದರೆ ಮತ್ತೆ ಬೇರೂರುತ್ತದೆ. ಮರದ ಬುಡದಲ್ಲಾಗಲಿ, ಬೆಂಕಿ ರೇಖೆಯ (ಬೆಂಕಿ ದಾಟದಂತೆ ಸವರಿಟ್ಟ ಪಟ್ಟಿ) ಪಕ್ಕದಲ್ಲಾಗಲಿ ರಾಶಿ ಹಾಕಬೇಡಿ. ಒಣ ಲಂಟಾನಕ್ಕೆ ಬೆಂಕಿ ತಗುಲಿದರೆ ಉರಿ ಮರದ ತುದಿಗೇರುತ್ತದೆ. ಕಪ್ಪು ಹಣ್ಣು ಕಂಡ ಪೊದೆಯನ್ನು ಎಳೆದಾಡದೆ, ಹಣ್ಣನ್ನು ಮೊದಲು ಚೀಲಕ್ಕೆ ಬಿಡಿಸಿಕೊಳ್ಳಿ.

ಲಂಟಾನದಂತೆಯೇ ಹೊರಗಿನಿಂದ ಬಂದು ಹಬ್ಬುವ ಹಳದಿ ಹೂವಿನ ಸೆನ್ನಾ ಮರ ಕಂಡರೆ ಕಡಿಯಲು ಹೋಗಬೇಡಿ. ಕಡಿದ ಬುಡದಿಂದ ಹತ್ತಾರು ಕೊಂಬೆ ಹೊಡೆಯುತ್ತದೆ. ಸಿಬ್ಬಂದಿಗೆ ತೋರಿಸಿದರೆ ಸಾಕು.

ಆನೆಯ ವಿಷಯದಲ್ಲಿ ರಾಜಿಯೇ ಇಲ್ಲ. ದಟ್ಟ ಲಂಟಾನದ ಆಚೆ ಹತ್ತಡಿ ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಕಾವಲುಗಾರರು ಸುತ್ತು ಹಾಕಿ ಬಂದ ಮೇಲೆಯೇ ಪೊದೆಗೆ ಕೈ ಹಾಕಿ. ಸಾಲು ಬಿಟ್ಟು ಒಬ್ಬರೇ ಮುಂದೆ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಬೇಡ.

ಉಣುಗಿನ ಬಗ್ಗೆಯೂ ಉದಾಸೀನ ಬೇಡ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 2012ರ ಕೊನೆಯಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತ್ತು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿ, ಸಂಜೆ ಕಂಕುಳು, ಸೊಂಟ, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ತರಗು ಬೆಂಕಿ (ನೆಲದ ಒಣ ಎಲೆಗೆ ಹಾಕುವ ಸಣ್ಣ ಬೆಂಕಿ) ಹಾಕುವುದು ನಿಂತ ಮೇಲೆಯೇ ಲಂಟಾನ ಹೀಗೆ ಹಬ್ಬಿತು ಎನ್ನುತ್ತಾರೆ. ತಂಡದಲ್ಲಿ ಸ್ಥಳೀಯ ಸೋಲಿಗರೋ ಜೇನುಕುರುಬರೋ ಇದ್ದರೆ ಅವರ ಮಾತಿಗೆ ಕಿವಿಗೊಡಿ. ಯಾವ ಹುಲ್ಲು ತಾನಾಗಿ ಮರಳುತ್ತದೆ, ಯಾವುದನ್ನು ಬಿತ್ತಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳುವವರು ಕಡಿಮೆ.

ಒಂದೇ ವಾರಾಂತ್ಯಕ್ಕೆ ಮುಗಿಯುವ ಕೆಲಸವಲ್ಲ ಇದು. ಮುಂದಿನ ಎರಡು ಮೂರು ಮಳೆಗಾಲ ಅದೇ ಜಾಗಕ್ಕೆ ಬನ್ನಿ. ಹಣ್ಣು ತಿಂದು ಬೀಜ ಉದುರಿಸುವ ಪಿಕಳಾರ ಹಕ್ಕಿಗಳು ಕೂರುವ ಮರದಡಿ, ಹಳ್ಳದ ಅಂಚಿನಲ್ಲಿ ಹೊಸ ಲಂಟಾನ ಸಸಿಗಳನ್ನು ಮೊದಲು ಹುಡುಕಿ: ಎದುರುಬದುರು ಎಲೆ, ಗರಗಸದ ಅಂಚು, ಬೆರಳಿಗೆ ಚೌಕ ಎನಿಸುವ ಕಾಂಡ, ಹೊಸಕಿದರೆ ಘಾಟು ವಾಸನೆ. ಗೇಣುದ್ದದ ಸಸಿ ಹಸಿ ಮಣ್ಣಿನಲ್ಲಿ ಎರಡು ಬೆರಳಿಗೇ ಬೇರುಸಹಿತ ಬರುತ್ತದೆ.