ಇಪ್ಪತ್ನಾಲ್ಕು ಜನರ ಬಿಸಿ

2025ರ ಫೆಬ್ರವರಿಯ ಒಂದು ಶುಕ್ರವಾರ. ಹೊರಗೆ ಮೈನಸ್ 20 ಡಿಗ್ರಿ. "ಭೂಮಿ ಬಿಸಿಯಾಗ್ತಿದೆ ಅನ್ನೋ ಪಾಠಕ್ಕೆ ಒಳ್ಳೇ ದಿನ" ಅಂತ ಒಬ್ಬ ಹುಡುಗ ಜಾಕೆಟ್ ಕಳಚುತ್ತಾ ಹೇಳಿದ. ಆ ಚಳಿಗಾಲದಲ್ಲಿ ಈ ಜೋಕ್ ಕೇಳಿದ್ದು ಹತ್ತನೇ ಸಲವೋ ಏನೋ. ಆದರೂ ನಕ್ಕೆ. ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸದಲ್ಲಿ ಅದೂ ಸೇರಿದೆ.

ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಯೂನಿವರ್ಸಿಟಿಯಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ ಮೊದಲ ವರ್ಷದವರಿಗೆ ಹವಾಮಾನ ಬದಲಾವಣೆ ಬಗ್ಗೆ ಒಂದು ಕೋರ್ಸ್ ಇದೆ. ಯಾರು ಬೇಕಾದರೂ ತಗೊಳ್ಳಬಹುದು. ಹಾಗಾಗಿ ಸಂಗೀತ, ಮ್ಯಾನೇಜ್‌ಮೆಂಟ್, ನರ್ಸಿಂಗ್ ಓದುವವರೆಲ್ಲ ಬರುತ್ತಾರೆ. ಸೋಮವಾರ, ಬುಧವಾರ ಪ್ರೊಫೆಸರ್ ದೊಡ್ಡ ಹಾಲ್‌ನಲ್ಲಿ ಪಾಠ ಮಾಡುತ್ತಾರೆ. ಶುಕ್ರವಾರ ಮಕ್ಕಳನ್ನು ಸಣ್ಣ ಗುಂಪು ಮಾಡಿ ನಮ್ಮಂಥವರ ಕೈಗೆ ಬಿಡುತ್ತಾರೆ. ವಾರಕ್ಕೆ 20 ಗಂಟೆ ಕೆಲಸ. ಬದಲಿಗೆ ಫೀಸ್ ಮಾಫಿ, ತಿಂಗಳ ಖರ್ಚಿಗೆ ದುಡ್ಡು. ನನ್ನ ಪಾಲಿಗೆ ಮೂರು ಗುಂಪು, ಒಟ್ಟು 72 ಜನ. ಎಲ್ಲರೂ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ತೀರ್ಥಹಳ್ಳಿಯಲ್ಲಿ ಮೇಷ್ಟ್ರು ಎದುರಿಗೆ ಬಂದರೆ ಸೈಕಲ್ ಇಳಿಯುತ್ತಿದ್ದವಳು ನಾನು. ಅದು ಅಭ್ಯಾಸವಾಗೋಕೆ ಒಂದು ಸೆಮಿಸ್ಟರ್ ಬೇಕಾಯ್ತು. ಪ್ರೊಫೆಸರನ್ನು ಹೆಸರಿಟ್ಟು ಕರೆಯೋಕಂತೂ ಇವತ್ತಿಗೂ ಬಾಯಿ ಬರಲ್ಲ. ಈಮೇಲ್‌ನಲ್ಲಿ ಹೇಗೋ ಬರೆಯುತ್ತೇನೆ. ಎದುರಿಗೆ ಸಿಕ್ಕರೆ ಬರೀ "ಹಾಯ್".

ಆ ವಾರದ ಪಾಠ ಕೀಲಿಂಗ್ ಗ್ರಾಫ್. ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಕಾರ್ಬನ್ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದಾಗ ಸಿಕ್ಕ ಅಂಕಿ 313 ಪಿಪಿಎಂ. ಅಂದರೆ ಗಾಳಿಯ ಹತ್ತು ಲಕ್ಷ ಕಣದಲ್ಲಿ 313. ಈಗ 425 ದಾಟಿದೆ. ಗೆರೆ ನೇರವಾಗಿ ಏರಲ್ಲ, ಗರಗಸದ ಹಲ್ಲಿನ ಹಾಗೆ ಹತ್ತಿ ಇಳಿದು ಹತ್ತುತ್ತದೆ. ಉತ್ತರದ ಕಾಡುಗಳು ಬೇಸಿಗೆಯಲ್ಲಿ ಎಲೆ ಬಿಟ್ಟು ಎಳೆದುಕೊಳ್ಳುತ್ತವೆ, ಚಳಿಗಾಲದಲ್ಲಿ ವಾಪಸ್ ಬಿಡುತ್ತವೆ. ಇದನ್ನೆಲ್ಲ ಸ್ಲೈಡ್‌ನಲ್ಲಿ ತೋರಿಸಿದರೆ ಹಿಂದಿನ ಸಾಲಿನವರು ನಿದ್ದೆ ಹೋಗುತ್ತಾರೆ. ಅದಕ್ಕೇ ಲ್ಯಾಬಿನಿಂದ ಒಂದು ಮೀಟರ್ ತಂದಿದ್ದೆ. ಮೊಬೈಲಿಗಿಂತ ಸ್ವಲ್ಪ ದಪ್ಪದ ಡಬ್ಬಿ. ಕಾರ್ಬನ್ ಡೈಆಕ್ಸೈಡ್, ಉಷ್ಣಾಂಶ ಎರಡೂ ತೋರಿಸುತ್ತದೆ. ಹೊರಗಿನ ಬಾಗಿಲು ಅರ್ಧ ತೆರೆದು ಕೈ ಚಾಚಿದಾಗ 438 ಬಂತು. ಬೆರಳು ಮರಗಟ್ಟಿತು.

ಕ್ಲಾಸು ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಮೀಟರನ್ನು ಮೇಜಿನ ಮೇಲಿಟ್ಟೆ. ಎಲ್ಲರೂ ಕೂತಾಗ 610. ಇಪ್ಪತ್ತು ನಿಮಿಷಕ್ಕೆ ಸಾವಿರ. ನಲವತ್ತು ನಿಮಿಷಕ್ಕೆ 1,380. ಮಕ್ಕಳಿಗೆ ಇದು ಕ್ರಿಕೆಟ್ ಸ್ಕೋರ್ ಆಯ್ತು (ಅವರು ಇದನ್ನು ಒಪ್ಪಲ್ಲ, ಬಾಸ್ಕೆಟ್‌ಬಾಲ್ ಅನ್ನಬಹುದು). ಪ್ರತಿ ಐದು ನಿಮಿಷಕ್ಕೆ ಒಬ್ಬ ಜೋರಾಗಿ ಓದುತ್ತಿದ್ದ. ಇಳಿಸೋಣ ಅಂತ ನಾಲ್ಕು ಜನ ಉಸಿರು ಕಟ್ಟಿ ಕೂತರು. ಮತ್ತೊಬ್ಬ ನೇರ ಮೀಟರಿನ ಮೇಲೇ ಊದಿದ. ಅಂಕಿ 5,000ಕ್ಕೆ ಹೋಗಿ ನಿಂತಿತು, ಅದಕ್ಕಿಂತ ಮೇಲೆ ಅದಕ್ಕೆ ಬರಲ್ಲ.

ಆಗ ನರ್ಸಿಂಗ್ ಓದುವ ಹುಡುಗಿ ಕೈ ಎತ್ತಿದಳು. ಅವಳು ನೋಡಿದ್ದು ಇನ್ನೊಂದು ಅಂಕಿಯನ್ನು. "ಉಷ್ಣಾಂಶ 21 ಇತ್ತು, ಈಗ 24. ಬುಧವಾರ ಯೂನಿಸ್ ಫೂಟ್ ಬಗ್ಗೆ ಹೇಳಿದ್ರಲ್ವಾ, ಗಾಜಿನ ಕೊಳವೆಯಲ್ಲಿ ಈ ಗ್ಯಾಸ್ ತುಂಬಿ ಬಿಸಿಲಿಗಿಟ್ಟರೆ ಜಾಸ್ತಿ ಬಿಸಿಯಾಯ್ತು ಅಂತ. ಈ ರೂಮೂ ಅದೇ ಅಲ್ವಾ? ಇದೇ ಹಸಿರುಮನೆ ಪರಿಣಾಮ ಅಲ್ವಾ?"

"ಹೌದು, ಒಂಥರಾ ಅದೇ" ಅಂದೆ. ಅಷ್ಟೇ ಅಲ್ಲ, "ಒಳ್ಳೇ ಪ್ರಶ್ನೆ" ಅಂತ ಬೇರೆ ಹೊಗಳಿದೆ. ಹತ್ತಾರು ಪೆನ್ನು ಸರಸರ ಓಡಿದವು. ಕ್ಲಾಸ್ ಮುಗಿಯಿತು. ಖುಷಿಯಲ್ಲೇ ಹೊರಟೆ.

ಬಸ್ ಸ್ಟಾಪಿನಲ್ಲಿ ನಿಂತಾಗ ಹೊಟ್ಟೆಯೊಳಗೆ ಏನೋ ತಣ್ಣಗಾಯ್ತು. ಚಳಿಗೆ ಅಲ್ಲ. ನಾನು ಹೇಳಿದ್ದು ಶುದ್ಧ ತಪ್ಪು.

ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೆಚ್ಚುಕಮ್ಮಿ 100 ವಾಟ್ ಶಾಖ ಬರುತ್ತದೆ, ಹಳೇ ಕಾಲದ ಒಂದು ಬಲ್ಬಿನಷ್ಟು. 24 ಜನ ಅಂದರೆ 2,400 ವಾಟ್. ಎರಡು ರೂಮ್ ಹೀಟರ್ ಹಚ್ಚಿಟ್ಟ ಹಾಗೆ. ಕೋಣೆ ಬಿಸಿಯಾಗಿದ್ದು ಅದಕ್ಕೆ. ಹಸಿರುಮನೆ ಪರಿಣಾಮಕ್ಕೆ ಕಿಲೋಮೀಟರ್‌ಗಟ್ಟಲೆ ಗಾಳಿ ಬೇಕು, ಕೆಳಗೆ ಬೆಚ್ಚಗೆ, ಮೇಲೆ ತಣ್ಣಗೆ. ನೆಲದ ಶಾಖವನ್ನು ಈ ಗ್ಯಾಸ್ ಹೀರಿಕೊಂಡು ಮೇಲಿನ ತಣ್ಣನೆ ಪದರದಿಂದ ಆಕಾಶಕ್ಕೆ ಬಿಡುತ್ತದೆ. ಗ್ಯಾಸ್ ಜಾಸ್ತಿಯಾದರೆ ಆ ಪದರ ಇನ್ನೂ ಮೇಲೆ, ಇನ್ನೂ ತಣ್ಣನೆಯ ಕಡೆಗೆ ಹೋಗುತ್ತದೆ. ತಣ್ಣಗಿರೋದು ಬಿಡುವ ಶಾಖವೂ ಕಮ್ಮಿ, ಹಾಗಾಗಿ ಹೊರಗೆ ಹೋಗುವ ಶಾಖ ಕಮ್ಮಿಯಾಗಿ ಭೂಮಿ ಬಿಸಿಯಾಗುತ್ತದೆ. ಕೋಣೆಯಲ್ಲಿ ನೆಲ, ಸೂರು, ನಡುವಿನ ಗಾಳಿ ಎಲ್ಲ ಒಂದೇ ಬಿಸಿ. ತಡೆಯೋಕೆ ಅಲ್ಲಿ ಏನೂ ಇಲ್ಲ. ಫೂಟ್ 1856ರಲ್ಲಿ ಮಾಡಿದ ಪ್ರಯೋಗ ದೊಡ್ಡದೇ, ಆದರೆ ಅದು ಬಿಸಿಲಿನದು. ನೆಲದಿಂದ ಏಳುವ ಕಣ್ಣಿಗೆ ಕಾಣದ ಶಾಖವನ್ನು ಗ್ಯಾಸ್‌ಗಳು ಹೀರುವುದನ್ನು ಬಿಡಿಸಿ ತೋರಿಸಿದ್ದು 1859ರಲ್ಲಿ ಜಾನ್ ಟಿಂಡಲ್ ಅನ್ನೋ ವಿಜ್ಞಾನಿ. ಇಷ್ಟೆಲ್ಲ ನನಗೆ ಗೊತ್ತು! ಕ್ವಾಲಿಫೈಯಿಂಗ್ ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೂ ಬಾಯಿಂದ "ಹೌದು" ಬಂದುಬಿಟ್ಟಿತ್ತು.

ರಾತ್ರಿ ಒಂಬತ್ತಕ್ಕೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಶನಿವಾರ ಬೆಳಿಗ್ಗೆ ಎಂಟೂವರೆ. ಅಪ್ಪ ತೋಟಕ್ಕೆ ನೀರು ಬಿಟ್ಟು ಬಂದು ದೋಸೆ ತಿನ್ನುತ್ತಿದ್ದರು. ಮೀಟರಿನ ಕಥೆ ಹೇಳಿದೆ.

"ಹಂಗಾರೆ ನಾವು ಉಸಿರು ಬಿಡೋದೂ ತಪ್ಪಾ ಮಾರಾಯ್ತಿ?"

ಅಲ್ಲಪ್ಪಾ ಅಂದೆ. ನಾವು ಬಿಡೋದು ಉಂಡ ಅನ್ನದ್ದು. ಆ ಭತ್ತ ಅದನ್ನು ಗಾಳಿಯಿಂದಲೇ ತಗೊಂಡಿದ್ದು, ಹೋದ ಮಳೆಗಾಲದಲ್ಲಿ.

ಅಪ್ಪ ಬಹಳ ವರ್ಷ ಸೊಸೈಟಿಯ ಲೆಕ್ಕ ನೋಡಿದವರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಂದ್ರೆ ಉಸಿರು ಕೈಗಡ. ತಗಂಡಿದ್ದು ಕೊಟ್ವಿ, ಚುಕ್ತಾ. ಕಲ್ಲಿದ್ದಲು, ಪೆಟ್ರೋಲು ಹೂತಿಟ್ಟ ಗಂಟು. ಅಗೆದು ತೆಗೆದು ಖರ್ಚು ಮಾಡ್ತಿದೀವಿ. ಹೌದನಾ?"

ಎರಡು ವರ್ಷದಿಂದ ಸ್ಲೈಡ್ ತಿದ್ದುತ್ತಿದ್ದೇನೆ. ಇಷ್ಟು ಸಲೀಸಾಗಿ ನನಗೆ ಹೊಳೆದಿರಲಿಲ್ಲ.

ಮುಂದಿನ ಶುಕ್ರವಾರ ಬೋರ್ಡಿನ ಮೇಲೆ 24 × 100 ಅಂತ ಬರೆದೆ. "ಹೋದ ವಾರ ನಾನು ತಪ್ಪು ಹೇಳಿದ್ದೆ" ಅನ್ನುವಾಗ ಕಿವಿ ಬಿಸಿಯಾಗಿತ್ತು. ನನ್ನ ಹದಿನಾರು ಹದಿನೇಳು ವರ್ಷದ ಓದಿನಲ್ಲಿ ಯಾವ ಮೇಷ್ಟ್ರ ಬಾಯಲ್ಲೂ ಈ ಮಾತು ಕೇಳಿದ ನೆನಪಿಲ್ಲ. ಆಕಾಶ ಬೀಳುತ್ತದೆ ಅಂದುಕೊಂಡಿದ್ದೆ. ಒಬ್ಬ ಕೈ ಎತ್ತಿ, "ಇದು ಪರೀಕ್ಷೆಗೆ ಬರುತ್ತಾ?" ಅಂತ ಕೇಳಿದ. ಅಷ್ಟೇ. ನರ್ಸಿಂಗ್ ಹುಡುಗಿ ಮಾತ್ರ ನೋಟ್ಸ್ ತೆಗೆದು ಹಳೇ ಸಾಲನ್ನು ನಿಧಾನಕ್ಕೆ ಹೊಡೆದು ಹಾಕಿದಳು. ಕೈಗಡ, ಗಂಟು ಇಂಗ್ಲಿಷಿನಲ್ಲಿ ಹೇಳಹೋಗಿ ತಡವರಿಸಿದೆ. ಮ್ಯಾನೇಜ್‌ಮೆಂಟ್‌ನವನೊಬ್ಬ ಅದನ್ನು ತಿಂಗಳ ಸಂಬಳ, ಅಜ್ಜ ಬ್ಯಾಂಕಿನಲ್ಲಿಟ್ಟ ದುಡ್ಡು ಅಂತ ಮಾಡಿಕೊಟ್ಟ. ಪರವಾಗಿಲ್ಲ ಅನ್ನಿಸಿತು. ಆದರೆ ಹೂತಿಟ್ಟಿದ್ದನ್ನು ಅಗೆಯುವ ಮಜಾ ಅದರಲ್ಲಿಲ್ಲ.

ಪರೀಕ್ಷೆಗೆ ಬಂತು. ನಾನು ನಡೆದದ್ದನ್ನೆಲ್ಲ ಒಪ್ಪಿಸಿದ್ದೆ, ಪ್ರೊಫೆಸರ್‌ಗೆ ಪ್ರಶ್ನೆ ಇಷ್ಟವಾಗಿ ಹಾಕಿಯೇಬಿಟ್ಟರು: ಜನ ತುಂಬಿದ ಮುಚ್ಚಿದ ಕೋಣೆ ಯಾಕೆ ಬಿಸಿಯಾಗುತ್ತದೆ? ಆ ಗುಂಪಿನ 24ರಲ್ಲಿ ಏಳು ಜನ ಹಸಿರುಮನೆ ಪರಿಣಾಮ ಅಂತಲೇ ಬರೆದಿದ್ದರು. ಅದರಲ್ಲಿ ಮೂವರು ಎರಡನೇ ವಾರ ಬಂದೇ ಇರಲಿಲ್ಲ. ಉಳಿದ ನಾಲ್ವರು ನನ್ನ ಎದುರಿಗೇ ಕೂತಿದ್ದವರು! ಅಂಕ ಕಳೆಯಲಾ ಅಂತ ಪ್ರೊಫೆಸರ್‌ಗೆ ಬರೆದೆ. ತಪ್ಪು ಹೊರಟಿದ್ದು ನಮ್ಮ ಕಡೆಯಿಂದ, ಏಳೂ ಜನಕ್ಕೆ ಪೂರ್ತಿ ಕೊಡು, ಆದರೆ ಪ್ರತಿ ಪೇಪರಿನಲ್ಲೂ ಸರಿ ಉತ್ತರ ಕೈಯಲ್ಲೇ ಬರಿ ಅಂದರು. ಏಳು ಸಲ ಬರೆದೆ. ಇಂಪೋಸಿಷನ್ ಅಂದರೆ ಇದೇ.

ಆ ಕಟ್ಟಿನ ಕೊನೆಗೆ ಸಂಗೀತ ಓದುವ ಹುಡುಗನ ಪೇಪರ್ ಸಿಕ್ಕಿತು. 24 × 100 = 2,400 ವಾಟ್ ಅಂತ ನೀಟಾಗಿ ಬರೆದಿದ್ದ. ಅದರ ಕೆಳಗೆ ಇನ್ನೊಂದು ಸಾಲು: "ಟಿಎಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವರು ಓಡಾಡುತ್ತಾ ಮಾತಾಡುತ್ತಿದ್ದರು, ಗಾಬರಿಯಲ್ಲೂ ಇದ್ದರು. 150 ಹಾಕಬಹುದು."

ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ 2,550 ಅಂತ ತಿದ್ದಿದೆ.