ದನ ಬಿಡಿಸಲು ಹೋದವನ ಕಲ್ಲು

ಶಿಕಾರಿಪುರದಿಂದ ಬಳ್ಳಿಗಾವಿಗೆ ಭಾವನ ಬೈಕಿನಲ್ಲಿ ಹೊರಟಿದ್ದೆವು. ನೋಡಬೇಕಿದ್ದದ್ದು ಕೇದಾರೇಶ್ವರ ದೇವಸ್ಥಾನ. ಜಾಸ್ತಿ ಹೊತ್ತು ಕಳೆದದ್ದು ಮಾತ್ರ ದಾರಿಯಲ್ಲಿ, ಒಂದು ಬಸ್ ಸ್ಟಾಪ್ ಪಕ್ಕದ ವೀರಗಲ್ಲಿನ ಮುಂದೆ.

ಕಲ್ಲಿನ ಬುಡ ಮಣ್ಣಲ್ಲಿ ಹೂತಿತ್ತು. ಮೈಯೆಲ್ಲ ಪಾಚಿ, ನಡುವೆ ಕುಂಕುಮ. ಭಾವ ಬಾಟಲಿಯ ನೀರು ಹಾಕಿದರು. ಓರೆ ಬಿಸಿಲಿಗೆ ಕೆತ್ತನೆ ಎದ್ದು ಕಂಡಿತು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನು, ಅವನ ಹಿಂದೆ ಒಂದರ ಮೇಲೊಂದು ಪೇರಿಸಿದ ಹಾಗೆ ಪುಟ್ಟ ದನಗಳು. ನಡುವಿನ ಪಟ್ಟಿಯಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಬಸವ, ತುದಿಗೆ ಸೂರ್ಯ ಚಂದ್ರ. ದನ ಇದೆ ಅಂದರೆ ತುರುಗೋಳು. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನು. ಪಟ್ಟಿಗಳ ನಡುವಿನ ಅಕ್ಷರ ಸವೆದು ಹೋಗಿ ಹೆಸರು ಸಿಗಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆವು. "ಕಲ್ಲಪ್ಪ ಅಂತೀವಿ. ದೀಪಾವಳಿಲಿ ದನದ ಮೈ ತೊಳ್ದು, ಹಾರ ಹಾಕಿ, ಮೊದ್ಲು ಇಲ್ಲಿಗೇ ಹೊಡ್ಕೊಂಡು ಬರೋದು." ಯಾಕೆ ಅಂತ ಕೇಳಿದರೆ, "ಹಿಂದಿಂದ ಹಂಗೇ ಬಂದಿದೆ."

ನನಗೆ ಮೈ ಜುಂ ಎಂದಿತು. ಓದು ಮರೆತ ಊರು ದನವನ್ನು ಮಾತ್ರ ಮರೆತಿಲ್ಲ, ಅಲ್ವಾ?

ಈ ಜಿಲ್ಲೆಯ ಶಾಸನಗಳನ್ನು ಶಾಸನ ತಜ್ಞ ಬಿ.ಎಲ್. ರೈಸ್ 1902 ಮತ್ತು 1904ರಲ್ಲೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದರು. ಹುಡುಕಿದರೆ ಈ ಕಲ್ಲೂ ಅದರಲ್ಲಿ ಸಿಕ್ಕೀತು. ಆದರೆ ದೀಪಾವಳಿಯ ಈ ಮಾತು ಯಾವ ಸಂಪುಟದಲ್ಲಿ ಇದ್ದೀತು? ಇನ್ನು ನಮ್ಮ ಕಡೆಯ ಬೋರ್ಡುಗಳೋ, ಹಾಳು ಮಾಡಿದರೆ ಎಷ್ಟು ದಂಡ ಅನ್ನುವುದನ್ನು ವಿವರವಾಗಿ ಹೇಳುತ್ತವೆ. ಕಲ್ಲು ಯಾರದ್ದು ಅಂತ ಹೇಳುವುದು ಅಪರೂಪ. ಇದೇ ತಾಲ್ಲೂಕಿನ ಈಸೂರಿನ ಪುಣ್ಯ ಬೇರೆ. 1942ರಲ್ಲಿ ತಮ್ಮದೇ ಸರ್ಕಾರ ಅಂತ ಸಾರಿದ ಊರದು. ಮರುವರ್ಷ ಗಲ್ಲಿಗೇರಿದ 5 ಜನರ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ.

"ರಸ್ತೆ ಅಗಲ ಮಾಡುವಾಗ ಇದು ಹೋಗಿಬಿಡುತ್ತೆ, ಒಂದು ಬೋರ್ಡು ಹಾಕಿಸಬೇಕು" ಅಂದರು ಭಾವ.

"ಕುಂಕುಮ ಇಟ್ಟ ಕಲ್ಲನ್ನ ಯಾವ ಜೆಸಿಬಿಯವ್ನೂ ಮುಟ್ಟಲ್ಲ ಬಿಡಿ" ಅಂದರು ಅಜ್ಜಿ.

ಅಜ್ಜಿಯಷ್ಟು ಧೈರ್ಯ ನನಗಿಲ್ಲ. ಬೋರ್ಡು ಬೇಕೇ ಬೇಕು. ಆದರೆ ಬರೆಯುವವರು ಮೊದಲು ಬಸ್ ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ಕೂತು ಅಜ್ಜಿಯ ಹತ್ತಿರ ಮಾತಾಡಲಿ.